ನೆಲ, ಸೂರು, ಎರಡು ಪೈಸೆ: ಕುದ್ಮುಲ್ ರಂಗರಾಯರ ಬದುಕು

ಊರಿಗೊಂದು ಶಾಲೆ ತೆರೆದುಬಿಟ್ಟರೆ ಮಕ್ಕಳು ತಾವಾಗಿಯೇ ಬಂದು ಕೂರುತ್ತಾರೆ, ಓದಿ ದೊಡ್ಡವರಾಗುತ್ತಾರೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ರಾತ್ರಿ ಮಲಗಲು ತನ್ನದೆನ್ನುವ ಜಾಗವಿಲ್ಲದ, ಬೆಳಗಿನ ಹೊತ್ತು ಹೊಟ್ಟೆಗಿಲ್ಲದ, ಅಪ್ಪನ ಜೊತೆ ಕೂಲಿಗೆ ಹೋಗದಿದ್ದರೆ ಅಂದಿನ ಗಂಜಿಗೂ ಗತಿಯಿಲ್ಲದ ಮಗು ಶಾಲೆಗೆ ಹೇಗೆ ಬಂದೀತು? ಈ ಪ್ರಶ್ನೆಯನ್ನು ನೂರ ಮೂವತ್ತು ವರ್ಷಗಳ ಹಿಂದೆಯೇ ಕೇಳಿಕೊಂಡು, ಉತ್ತರಕ್ಕಾಗಿ ಇಡೀ ಬದುಕನ್ನೇ ಕೊಟ್ಟವರು ಮಂಗಳೂರಿನ ಕುದ್ಮುಲ್ ರಂಗರಾಯರು.

ಕರಾವಳಿಯವರಿಗೆ ಈ ಹೆಸರು ಹೊಸದಲ್ಲ. ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರಿದೆ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಬಯಲುಸೀಮೆಯ ನಮ್ಮಲ್ಲಿ ಹೆಚ್ಚಿನವರಿಗೆ ಅವರು ಸ್ಪರ್ಧಾತ್ಮಕ ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಅಷ್ಟೆ. ದಲಿತರಿಗಾಗಿ ಶಾಲೆ ತೆರೆದವರು ಯಾರು ಎಂದು ಕೇಳಿದರೆ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಆ ಒಂದು ಅಂಕದ ಹಿಂದೆ ಎಷ್ಟು ದೊಡ್ಡ ಬದುಕಿದೆ ಎಂಬುದನ್ನು ತಿಳಿಯಬೇಕು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕುದ್ಮುಲ್ ಎಂಬ ಊರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಎಳೆಯ ವಯಸ್ಸಿನಲ್ಲೇ ಮಂಗಳೂರು ಸೇರಿದರು. ಓದಿ ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು. ಬಡವರ ಪರ ನಿಲ್ಲುವ ಪ್ರಾಮಾಣಿಕ ವಕೀಲರೆಂದು ಹೆಸರು ಬಂತು. ಮನೆ, ವೃತ್ತಿ, ಮರ್ಯಾದೆ ಎಲ್ಲವೂ ಇತ್ತು. ಅಷ್ಟಕ್ಕೇ ನಿಂತಿದ್ದರೆ ನೆಮ್ಮದಿಯಾಗಿ ಬಾಳಿ ಹೋಗಬಹುದಿತ್ತು.

ಆದರೆ ಕಣ್ಣೆದುರಿನ ಲೋಕ ಅವರನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರು ಆ ಕಾಲದ ಕರಾವಳಿಯಲ್ಲಿ ನಡೆಯಬಹುದಾದ ದಾರಿ, ಮುಟ್ಟಬಹುದಾದ ನೀರು, ಉಡಬಹುದಾದ ಬಟ್ಟೆ ಎಲ್ಲಕ್ಕೂ ಕಟ್ಟುಪಾಡಿತ್ತು. ದುಡಿಯುವ ನೆಲ ಅವರದಲ್ಲ, ಗುಡಿಸಲು ನಿಂತ ನೆಲವೂ ಅವರದಲ್ಲ. ಕೊರಗರ ಸ್ಥಿತಿಯಂತೂ ಎಷ್ಟು ಕೆಟ್ಟದಾಗಿತ್ತೆಂದರೆ, ಅವರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ನೇ ಇಸವಿಯಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅದಕ್ಕೂ ನೂರು ವರ್ಷ ಹಿಂದಿನ ದಿನಗಳು ಹೇಗಿದ್ದಿರಬಹುದು ಎಂದು ಊಹಿಸಿಕೊಳ್ಳಿ.

ಬ್ರಹ್ಮ ಸಮಾಜದ ವಿಚಾರಗಳಿಂದ ಪ್ರೇರಿತರಾಗಿದ್ದ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಕಟ್ಟಡವೊಂದರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಜೋರಾಗಿಯೇ ಬಂತು. ಆ ಮಕ್ಕಳಿಗೆ ಅಕ್ಷರ ಕಲಿಸಲು ಒಪ್ಪುವ ಮೇಷ್ಟ್ರುಗಳು ಸಿಗುವುದೇ ಕಷ್ಟವಾಗಿತ್ತು. ರಂಗರಾಯರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ನೆಂಟರಿಷ್ಟರು ದೂರವಾದರು. ಕ್ಷೌರಿಕರು, ಅಗಸರು ಕೂಡ ಅವರ ಮನೆಯ ಕೆಲಸಕ್ಕೆ ಬಾರದಂತಾಯಿತು. ಅವರು ಹಿಂದೆ ಸರಿಯಲಿಲ್ಲ. ಒಂದು ಕಡೆ ಶಾಲೆ ನಿಂತರೆ ಇನ್ನೊಂದು ಕಡೆ ಶುರು ಮಾಡಿದರು. 1897ರಲ್ಲಿ ಈ ಕೆಲಸಕ್ಕೆಲ್ಲ ಒಂದು ಸಂಸ್ಥೆಯ ರೂಪ ಕೊಟ್ಟರು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಮುಂದೆ 1906ರಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಕಟ್ಟಿದರು. ಅದಕ್ಕೆ ಒಂಬತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಕೆಲಸ ಆರಂಭವಾಗಿತ್ತು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ರಂಗರಾಯರ ದೊಡ್ಡತನ ಕಾಣುವುದು ಅವರು ಶಾಲೆಯಿಂದ ಆಚೆಗೆ ಇಟ್ಟ ಹೆಜ್ಜೆಗಳಲ್ಲಿ. ಹಸಿದ ಮಗುವಿಗೆ ಮಗ್ಗಿ ತಲೆಗೆ ಹತ್ತುವುದಿಲ್ಲ. ಅದಕ್ಕೆ ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕಿಸಿದರು. ಇಂದು ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಉಂಡು ಬೆಳೆದ ನಮಗೆ ಇದು ಸಾಮಾನ್ಯ ಅನ್ನಿಸಬಹುದು, ಆ ಕಾಲಕ್ಕೆ ಇದು ಯಾರೂ ಯೋಚಿಸದ ಮಾತು. ಇನ್ನು, ಮಗುವನ್ನು ಶಾಲೆಗೆ ಕಳಿಸಿದರೆ ಮನೆಗೆ ಬರುವ ಕೂಲಿ ತಪ್ಪುತ್ತದೆ. ಅದಕ್ಕೆ ಶಾಲೆಗೆ ಬಂದ ಪ್ರತಿ ಮಗುವಿಗೂ ದಿನಕ್ಕೆ ಎರಡು ಪೈಸೆ ಕೊಟ್ಟರು. ಬರೀ ಓದಿನಿಂದ ಕೂಡಲೇ ಅನ್ನ ಹುಟ್ಟುವುದಿಲ್ಲ. ಅದಕ್ಕೆ ನೇಯ್ಗೆ, ಮರಗೆಲಸ, ತೋಟಗಾರಿಕೆಯಂಥ ಕಸುಬು ಕಲಿಸಲು ವ್ಯವಸ್ಥೆ ಮಾಡಿದರು.

ಇಷ್ಟಾದರೂ ಒಂದು ತೊಡಕು ಉಳಿದೇ ಇತ್ತು. ಒಡೆಯನ ಜಾಗದಲ್ಲಿ ಗುಡಿಸಲು ಹಾಕಿಕೊಂಡ ಕುಟುಂಬ ಒಡೆಯನ ಮಾತು ಮೀರುವಂತಿಲ್ಲ. ಮಗನನ್ನು ಶಾಲೆಗೆ ಕಳಿಸಬೇಡ ಎಂದರೆ ಕಳಿಸುವಂತಿಲ್ಲ. ಎದುರು ಮಾತಾಡಿದರೆ ಗುಡಿಸಲು ಕೀಳಬೇಕು. ಹಾಗಾಗಿ ರಂಗರಾಯರು ಜಾಗ ದೊರಕಿಸಿ ದಲಿತ ಕುಟುಂಬಗಳಿಗೆ ಹಂಚುವ ಕೆಲಸಕ್ಕೆ ಕೈ ಹಾಕಿದರು. ಮಂಗಳೂರಿನ ಕಾಪಿಕಾಡು, ಅತ್ತಾವರದ ಬಾಬುಗುಡ್ಡೆ, ದಡ್ಡಲಕಾಡಿನಂಥ ಕಡೆ ಅವರಿಗಾಗಿ ವಸತಿ ನೆಲೆಗಳು ಎದ್ದವು. ಲಾಭದ ಆಸೆಯಿಲ್ಲದ ಒಂದು ಸಂಸ್ಥೆ ನೆಲ, ಸೂರು, ಶಾಲೆ, ಊಟ, ಕಸುಬು ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ಕೊಟ್ಟಿದ್ದು ಹೀಗೆ. ಮನೆ ಎಂಬುದು ಬರೀ ಮಳೆ ಬಿಸಿಲಿನ ಆಸರೆಯಲ್ಲ, ಅದು ಬೇಡ ಎನ್ನುವ ಧೈರ್ಯವನ್ನೂ ಕೊಡುತ್ತದೆ ಎಂಬುದನ್ನು ಈ ಕೆಲಸ ತೋರಿಸಿಕೊಟ್ಟಿತು.

ಹೊರಗಿನ ಲೋಕದಲ್ಲೂ ಇಂಥ ಪ್ರಯತ್ನಗಳು ನಡೆದಿದ್ದವು. ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ 1865ರಲ್ಲಿ ಮೂರು ಹಳೆಯ ಮನೆಗಳನ್ನು ವಹಿಸಿಕೊಂಡು, ದುರಸ್ತಿ ಮಾಡಿಸಿ, ಬಡ ಕುಟುಂಬಗಳಿಗೆ ಕಡಿಮೆ ಬಾಡಿಗೆಗೆ ಕೊಟ್ಟರು. ಮನೆಗಳನ್ನು ಕೊಳ್ಳಲು ಹಣ ಹಾಕಿದವರು ಲೇಖಕ ಜಾನ್ ರಸ್ಕಿನ್. ವಾರವಾರ ಬಾಡಿಗೆ ವಸೂಲಿಗೆ ಹೋಗುವ ಮಹಿಳೆಯರು ಆ ಮನೆಯವರ ಕಷ್ಟಸುಖ ವಿಚಾರಿಸುತ್ತಿದ್ದರು, ಕೆಲಸ ಹುಡುಕಲು ನೆರವಾಗುತ್ತಿದ್ದರು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಎದುರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಊರಿಂದ ಬಂದವರಿಗೆ ತಂಗಲು ಜಾಗ, ಓದುವ ಹುಡುಗರಿಗೆ ಉಚಿತ ಹಾಸ್ಟೆಲ್ ಎರಡೂ ಅವರ ಧರ್ಮದ ಫಲ. ಸಿದ್ಧಗಂಗೆಯಲ್ಲಿ ಉಂಡು, ಉಳಿದು, ಓದಿ ಬಂದವರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಸಿಗುತ್ತಾರೆ. ಇವರೆಲ್ಲರ ನಡುವೆ ರಂಗರಾಯರ ದಾರಿ ಹೆಚ್ಚು ಕಠಿಣವಾಗಿತ್ತು. ಯಾಕೆಂದರೆ ಅವರು ನೆಲೆ ಕೊಟ್ಟಿದ್ದು ಯಾರಿಗೆ ನೆಲೆ ಸಿಗಬಾರದೆಂದು ಸಮಾಜ ತೀರ್ಮಾನಿಸಿತ್ತೋ ಅವರಿಗೆ.

ರಂಗರಾಯರು ಊರಿಗೆ ಹೇಳಿದ್ದನ್ನು ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿಯನ್ನು ಚೆನ್ನಾಗಿ ಓದಿಸಿ, ಜಾತಿ ಮೀರಿ ತಮಿಳುನಾಡಿನ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಭಾರತದ ಮಹಿಳೆಯರ ಪ್ರತಿನಿಧಿಯಾಗಿ ಹೋದರು. ಅವರ ಮಗ, ಅಂದರೆ ರಂಗರಾಯರ ಮೊಮ್ಮಗ ಪಿ.ಪಿ. ಕುಮಾರಮಂಗಲಂ ಭಾರತದ ಸೇನಾ ಮುಖ್ಯಸ್ಥರಾದರು.

ಕೊನೆಗಾಲದಲ್ಲಿ ರಂಗರಾಯರು ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವಕ್ಕೆ ದಲಿತರೇ ಹೆಗಲು ಕೊಡಬೇಕೆಂದು ಬಯಸಿದ್ದರು. ಅವರ ಇನ್ನೊಂದು ಆಸೆಯನ್ನು ಮಂಗಳೂರಿನವರು ಈಗಲೂ ನೆನೆಯುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಸರ್ಕಾರಿ ನೌಕರಿಗೆ ಸೇರಿ, ಕಾರಿನಲ್ಲಿ ಕೂತು ಊರಿನ ರಸ್ತೆಯಲ್ಲಿ ಓಡಾಡಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಆ ಆಸೆ. ಅವರು ಹೋಗಿ ಆರು ವರ್ಷಗಳಾದ ಮೇಲೆ, 1934ರ ಫೆಬ್ರುವರಿಯಲ್ಲಿ, ಹರಿಜನ ಪ್ರವಾಸದ ನಡುವೆ ಗಾಂಧೀಜಿ ಮಂಗಳೂರಿಗೆ ಬಂದರು. ಗಾಂಧೀಜಿ ದೇಶಕ್ಕೆಲ್ಲ ಹೇಳುತ್ತಿದ್ದ ಕೆಲಸವನ್ನು ಅಲ್ಲಿ ಒಬ್ಬರು ಮಾಡಿ ಮುಗಿಸಿ ಹೋಗಿದ್ದರು.

ಇದೆಲ್ಲ ಕರಾವಳಿಯ ಹಳೆಯ ಕಥೆ, ನಮಗೇನು ಸಂಬಂಧ ಎನ್ನುವವರು ಒಮ್ಮೆ ಪಾವಗಡದ ತಿರುಮಣಿ ಕಡೆ ಹೋಗಿ ಬರಬೇಕು. ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿದೆ. ಪಹಣಿಯಲ್ಲಿ ಹೆಸರಿರುವ ರೈತರಿಗೆ ವರ್ಷ ವರ್ಷ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿಯವರಿಗೆ ಆ ಹಣವಿಲ್ಲ. ನೆಲ ಯಾರ ಹೆಸರಲ್ಲಿದೆ ಎಂಬ ಹಳೆಯ ಪ್ರಶ್ನೆ ಇಂದಿಗೂ ಬದುಕನ್ನು ತೀರ್ಮಾನಿಸುತ್ತಿದೆ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಯಾರದೋ ಮನೆ ಕಟ್ಟುತ್ತ ತಾವು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ.

ಈಗ ಮನೆ ಕೊಡುವ ಯೋಜನೆಗಳಿವೆ. ಬಡವರ ಮನೆಗಳಿಗಾಗಿಯೇ ರಾಜೀವ್ ಗಾಂಧಿ ವಸತಿ ನಿಗಮ 2000ದಲ್ಲಿ ಹುಟ್ಟಿತು. ಹಕ್ಕುಪತ್ರ ಬರುತ್ತದೆ, ಕಂತಿನಲ್ಲಿ ಹಣವೂ ಬರುತ್ತದೆ. ಆದರೆ ಮನೆ ಇರುವ ಕಾಲೊನಿಗೆ ನೀರು, ಬಸ್ಸು, ಅಂಗನವಾಡಿ, ದುಡಿಮೆ ಇಲ್ಲದಿದ್ದರೆ ಬಾಗಿಲಿಗೆ ಬೀಗ ಬೀಳುತ್ತದೆ, ಕುಟುಂಬ ಮತ್ತೆ ಊರು ಬಿಡುತ್ತದೆ. ಸೂರಿನ ಜೊತೆಗೆ ಊಟ, ಓದು, ಕಸುಬು ಇರಬೇಕು ಎಂದು ರಂಗರಾಯರು ಮಾಡಿ ತೋರಿಸಿದ್ದನ್ನು ನಾವು ಬಿಡಿಬಿಡಿಯಾಗಿ ಬೇರೆ ಬೇರೆ ಇಲಾಖೆಗಳಿಗೆ ಹಂಚಿಬಿಟ್ಟಿದ್ದೇವೆ. ಅವು ಒಂದೇ ಮನೆಯ ಬಾಗಿಲಲ್ಲಿ ಒಟ್ಟಿಗೆ ಸೇರುವುದು ಅಪರೂಪ.

ಓದುಗ ಗೆಳೆಯರೇ, ನಮ್ಮಲ್ಲಿ ಎಷ್ಟೋ ಜನ ಹಾಸ್ಟೆಲ್ ಸೀಟು ಸಿಕ್ಕಿದ್ದರಿಂದಲೇ ಡಿಗ್ರಿ ಮುಗಿಸಿದವರು. ಎಷ್ಟೋ ಜನ ಬೆಂಗಳೂರಿನ ಪಿ.ಜಿ. ಬಾಡಿಗೆ ಹೊಂದಿಸಲಾಗದೆ ಕೋಚಿಂಗ್ ಅರ್ಧಕ್ಕೆ ಬಿಟ್ಟು ಬಂದವರು. ತಲೆಯ ಮೇಲಿನ ಸೂರು ಭವಿಷ್ಯವನ್ನು ಹೇಗೆ ತಿರುಗಿಸುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ರಾಮಸಭೆಯ ದಿನ ಫಲಾನುಭವಿಗಳ ಪಟ್ಟಿ ಓದುವಾಗ ನಾವು ಅಲ್ಲಿರಬಹುದು. ನಿಜಕ್ಕೂ ಮನೆಯಿಲ್ಲದ ವಿಧವೆಯ ಹೆಸರು ಬಿಟ್ಟುಹೋಗಿದ್ದರೆ ಎದ್ದು ನಿಂತು ಕೇಳಬಹುದು. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಬಹುದು. ವಲಸೆ ಹೋದವರ ಮಕ್ಕಳಿಗೆ ಸಂಜೆ ಒಂದು ತಾಸು ಪಾಠ ಹೇಳಿಕೊಡಬಹುದು.

ನಾಳೆ ನಮ್ಮಲ್ಲೇ ಯಾರೋ ಪಿಡಿಒ ಆಗುತ್ತಾರೆ, ಇನ್ನಾರೋ ತಹಶೀಲ್ದಾರ್ ಆಗುತ್ತಾರೆ. ಮೇಜಿನ ಮೇಲೆ ನಿವೇಶನದ ಕಡತ ಬರುತ್ತದೆ. ಕೆಂಪು ದೀಪದ ಆಸೆಗಿಂತ ಮೊದಲು ಅಂದು ನೆನಪಾಗಬೇಕಾದ್ದು ಒಬ್ಬ ವಕೀಲರ ಆಸೆ. ರಸ್ತೆಯಲ್ಲಿ ಹೋಗುವ ಕಾರು ತಮ್ಮದಾಗಲಿ ಎಂದು ಅವರು ಬಯಸಲಿಲ್ಲ. ಅದರಲ್ಲಿ ಕೂತವರು ಗುಡಿಸಲಿನ ಮಕ್ಕಳಾಗಿರಲಿ, ಧೂಳು ಮಾತ್ರ ತಮಗಿರಲಿ ಎಂದರು.