ಎಡಗೈಯ ಗುರಿಕಾರ ಕಾರೊಯ್ ಟಕಾಚ್

ಕೆಲವು ದಿನಗಳ ಹಿಂದೆ ನಮ್ಮ ಕಾರ್ಯಾಲಯಕ್ಕೆ ಇಬ್ಬರು ತರುಣರು ಬಂದಿದ್ದರು. ಒಬ್ಬನು ಸೀತಾಬರ್ಡಿಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವನು. ಮತ್ತೊಬ್ಬನು ಕಛೇರಿಯೊಂದರಲ್ಲಿ ಗುಮಾಸ್ತ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಪಿಸ್ತೂಲಿನಲ್ಲಿಯೂ, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರನಾಗಿದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ರೈಫಲಿನಲ್ಲಿಯೂ ಕಂಚಿನ ಪದಕ ಗಳಿಸಿದಂದಿನಿಂದ ಇವರಿಬ್ಬರಿಗೂ ಗುರಿ ಹೊಡೆಯುವ ಕ್ರೀಡೆಯ ಗೀಳು ಹತ್ತಿದೆ. ತಿಂಗಳ ಸಂಬಳದಲ್ಲಿ ಉಳಿಸಿದ ಅಲ್ಪ ಹಣದಲ್ಲಿ ಅಭ್ಯಾಸ ಸಾಗಬೇಕಾದರೆ ಎಂಥ ಪಿಸ್ತೂಲನ್ನು ಆರಿಸಬೇಕೆಂಬುದು ಅವರ ಪ್ರಶ್ನೆ.

ನಾವು ಶಸ್ತ್ರಪಂಡಿತರಲ್ಲ. ಆದರೆ ಆ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತ ಒಬ್ಬ ಮಹನೀಯನ ಕಥೆಯನ್ನು ನಾವು ಬಲ್ಲೆವು. ಅದನ್ನು ಆ ತರುಣರಿಗೆ ಹೇಳಿದೆವು. ನಮ್ಮ ವಾಚಕರೆಲ್ಲರಿಗೂ ಅದು ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಕಾರೊಯ್ ಟಕಾಚ್ ಹುಟ್ಟಿದುದು 1910ನೆಯ ಇಸವಿ ಜನವರಿ 21ರಂದು, ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ. ತಾರುಣ್ಯದಲ್ಲಿಯೇ ಸೈನ್ಯವನ್ನು ಸೇರಿ ಸಾರ್ಜೆಂಟ್ ಪದವಿಗೆ ಏರಿದನು. ಪಿಸ್ತೂಲಿನ ಗುರಿಯಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ, 1936ರ ಹೊತ್ತಿಗೆ ಅವನು ಪ್ರಪಂಚದ ಶ್ರೇಷ್ಠ ಗುರಿಕಾರರ ಸಾಲಿನಲ್ಲಿದ್ದನು. ಆ ವರ್ಷ ಬರ್ಲಿನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಆದರೆ ಟಕಾಚನಿಗೆ ಹಂಗೇರಿಯ ತಂಡದಲ್ಲಿ ಸ್ಥಳ ದೊರೆಯಲಿಲ್ಲ. ಕಾರಣ ಅವನ ಗುರಿಯಲ್ಲಿ ದೋಷವಿತ್ತೆಂದಲ್ಲ. ಅವನ ಭುಜದ ಮೇಲೆ ಅಧಿಕಾರಿಯ ಪಟ್ಟಿ ಇರಲಿಲ್ಲವೆಂಬುದು. ಕಮಿಷನ್ ಪಡೆದ ಅಧಿಕಾರಿಗಳಿಗೆ ಮಾತ್ರ ತಂಡದಲ್ಲಿ ಪ್ರವೇಶವೆಂಬ ನಿಯಮ ಆಗ ಆ ಸೈನ್ಯದಲ್ಲಿತ್ತು. ಸಾಮರ್ಥ್ಯವಿದ್ದೂ ಮೆಟ್ಟಿಲ ಕೆಳಗೆ ನಿಲ್ಲಬೇಕಾಗಿ ಬಂದವನ ಸಂಕಟವನ್ನು ನಮ್ಮ ಹೋಟೆಲು, ಕಛೇರಿಗಳ ಬಂಧುಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಬರ್ಲಿನ್ ಕ್ರೀಡೆಗಳು ಮುಗಿದ ಮೇಲೆ ಆ ನಿಷೇಧ ತೊಲಗಿತು. 1940ರ ಒಲಿಂಪಿಕ್ಸ್ ಮೇಲೆ ಟಕಾಚ್ ಕಣ್ಣಿಟ್ಟನು. ಅಷ್ಟರಲ್ಲಿ ವಿಧಿ ಬೇರೆಯೇ ಬರೆದಿತ್ತು. 1938ರಲ್ಲಿ ಸೈನಿಕ ತರಬೇತಿ ನಡೆಯುತ್ತಿದ್ದಾಗ ದೋಷವಿದ್ದ ಕೈಬಾಂಬೊಂದು ಅವನ ಬಲಗೈಯಲ್ಲಿಯೇ ಸಿಡಿಯಿತು. ಪಿಸ್ತೂಲು ಹಿಡಿಯುತ್ತಿದ್ದ ಆ ಕೈ ಹಾಳಾಗಿಹೋಯಿತು. ಒಂದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದ ಅವನನ್ನು ಕಂಡವರೆಲ್ಲ ಇವನ ಕ್ರೀಡಾಜೀವನ ಇಲ್ಲಿಗೆ ಮುಗಿಯಿತೆಂದೇ ತಿಳಿದರು.

ಟಕಾಚ್ ಮಾತ್ರ ಹಾಗೆ ತಿಳಿಯಲಿಲ್ಲ. ಆಸ್ಪತ್ರೆಯಿಂದ ಹೊರಬಂದವನು ಯಾರಿಗೂ ತಿಳಿಸದೆ, ಉಳಿದಿದ್ದ ಎಡಗೈಯಿಂದ ಗುರಿ ಹೊಡೆಯುವುದನ್ನು ಮೊದಲಿನಿಂದ ಕಲಿಯತೊಡಗಿದನು. ನಮ್ಮ ಮನೆಗಳಲ್ಲಿ ಎಡಗೈಯಿಂದ ಕೊಡುವುದೂ ಸಲ್ಲ, ಕೊಳ್ಳುವುದೂ ಸಲ್ಲ. ಬಡಿಸುವ ಮಾತಂತೂ ದೂರ. ಅಂಥ ಕೈಗೆ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ವಿದ್ಯೆ ಕಲಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು, ಎಡಗೈಯಲ್ಲಿ ಒಂದು ಸಾಲು ಬರೆದು ನೋಡಿದ ಗುಮಾಸ್ತನೂ, ಎಡಗೈಯಲ್ಲಿ ಒಂದು ದೋಸೆ ಹುಯ್ದು ನೋಡಿದ ಭಟ್ಟನೂ ಊಹಿಸಬಲ್ಲರು.

1939ರಲ್ಲಿ ಹಂಗೇರಿಯ ರಾಷ್ಟ್ರೀಯ ಪಿಸ್ತೂಲು ಸ್ಪರ್ಧೆ ಏರ್ಪಟ್ಟಿತು. ಟಕಾಚ್ ಅಲ್ಲಿಗೆ ಬಂದುದನ್ನು ಕಂಡು ಹಳೆಯ ಜೊತೆಗಾರರು ಹತ್ತಿರ ಬಂದು ಸಾಂತ್ವನ ಹೇಳಿದರು. ತಮ್ಮ ಆಟವನ್ನು ನೋಡಲು ಬಂದಿರುವನೆಂದು ಅವರು ಭಾವಿಸಿದ್ದರು. ತಾನು ನೋಡಲಲ್ಲ, ಸ್ಪರ್ಧಿಸಲು ಬಂದಿರುವುದಾಗಿ ಅವನು ತಿಳಿಸಿದನು. ಸ್ಪರ್ಧಿಸಿ ಗೆದ್ದೂ ಬಿಟ್ಟನು. ಅದೇ ವರ್ಷ ವಿಶ್ವ ಸ್ಪರ್ಧೆಯಲ್ಲಿ ಜಯಗಳಿಸಿದ ಹಂಗೇರಿಯ ತಂಡದಲ್ಲಿಯೂ ಅವನಿದ್ದನು.

ಇಲ್ಲಿ ಕಥೆಯನ್ನು ತುಸು ನಿಲ್ಲಿಸಿ, ಆ ತರುಣರ ಪ್ರಶ್ನೆಗೆ ಬರೋಣ. ಟಕಾಚನ ಕೈಯಲ್ಲಿದ್ದ ಆಯುಧ ಎಂಥದು? ಅವನ ಸ್ಪರ್ಧೆಯ ಹೆಸರು ಶೀಘ್ರಗುರಿ ಪಿಸ್ತೂಲು. ಇಪ್ಪತ್ತೈದು ಮೀಟರ್ ದೂರದಲ್ಲಿ ಐದು ಗುರಿಗಳು ಸಾಲಾಗಿ ನಿಂತಿರುತ್ತವೆ. ತಗ್ಗಿಸಿದ ತೋಳನ್ನು ಎತ್ತಿ ಐದಕ್ಕೂ ಒಂದೊಂದು ಗುಂಡು ಹೊಡೆಯಬೇಕು; ಒಮ್ಮೆ 8 ಸೆಕೆಂಡಿನಲ್ಲಿ, ಮತ್ತೊಮ್ಮೆ 6ರಲ್ಲಿ, ಕೊನೆಗೆ 4ರಲ್ಲಿ. ಒಟ್ಟು 60 ಗುಂಡು, 600 ಅಂಕ. ಇದಕ್ಕೆ ಬೇಕಾದುದು ದೊಡ್ಡ ಪಿಸ್ತೂಲಲ್ಲ. ನಳಿಗೆಯ ರಂಧ್ರ ಒಂದು ಇಂಚಿನ ನೂರರಲ್ಲಿ 22 ಪಾಲು ಮಾತ್ರ, ಎಂದರೆ ಸುಮಾರು 5.6 ಮಿಲಿಮೀಟರ್ ಇರುವ, ಜನರು ಟ್ವೆಂಟಿ-ಟೂ ಎನ್ನುವ ಸಣ್ಣ ಅರೆಸ್ವಯಂಚಾಲಿತ ಪಿಸ್ತೂಲು.

ಅರೆಸ್ವಯಂಚಾಲಿತವೆಂದರೆ, ಒಂದು ಗುಂಡು ಹಾರಿದ ಕೂಡಲೇ ಅದರ ಒತ್ತಡದಿಂದಲೇ ಪಿಸ್ತೂಲಿನ ಹಿಂಭಾಗ ಹಿಂದಕ್ಕೆ ಸರಿದು, ಖಾಲಿ ತೋಟೆಯನ್ನು ಹೊರಕ್ಕೆ ಎಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹೊಸ ತೋಟೆಯನ್ನು ನಳಿಗೆಗೆ ತುಂಬುತ್ತದೆ. ಆದರೆ ಪ್ರತಿ ಗುಂಡಿಗೂ ಟ್ರಿಗರನ್ನು ಬೇರೆಯಾಗಿಯೇ ಒತ್ತಬೇಕು. ಗುಂಡು ಚಿಕ್ಕದಾದುದರಿಂದ ಕೈಗೆ ತಗಲುವ ಒದೆತ ಕಡಿಮೆ. ನಾಲ್ಕು ಸೆಕೆಂಡಿನಲ್ಲಿ ಐದು ಗುರಿ ಹೊಡೆಯುವವನಿಗೆ ಇದು ಅತ್ಯಾವಶ್ಯಕ. ಹೊಸಬನಿಗೂ ಇದೇ ಹಿತ. ಏಕೆಂದರೆ ದೊಡ್ಡ ಪಿಸ್ತೂಲಿನ ಸದ್ದಿಗೂ ಒದೆತಕ್ಕೂ ಬೆಚ್ಚುವ ಕೈ, ಗುಂಡು ಹಾರುವ ಮೊದಲೇ ಅಲುಗುವ ಚಾಳಿಯನ್ನು ಕಲಿತುಬಿಡುತ್ತದೆ. ಆ ಚಾಳಿ ಬಿಡಿಸುವುದು ಕಷ್ಟ.

ಇನ್ನು ಖರ್ಚಿನ ಮಾತು. ಹೋಟೆಲು ನಡೆಸಿದವರಿಗೆ ಗೊತ್ತು: ಒಲೆಯನ್ನು ಕೊಳ್ಳುವುದು ಒಮ್ಮೆ, ಇಂಧನವನ್ನು ಕೊಳ್ಳುವುದು ದಿನಾಲೂ. ಪಿಸ್ತೂಲೂ ಹಾಗೆಯೇ. ಒಂದು ಪೂರ್ಣ ಸ್ಪರ್ಧೆಯ ಅಭ್ಯಾಸವೆಂದರೆ 60 ತೋಟೆಗಳು ಖರ್ಚಾದಂತೆ. ಟ್ವೆಂಟಿ-ಟೂ ತೋಟೆಯ ರಚನೆ ಸರಳ. ಕಿಡಿ ಹೊತ್ತಿಸುವ ಮದ್ದು ಅದರ ಅಂಚಿನ ಒಳಗೇ ಇರುತ್ತದೆ, ಬೇರೆ ಟೋಪಿ ಬೇಕಿಲ್ಲ. ಗುಂಡು ಪುಟ್ಟ ಸೀಸದ್ದು, ಮದ್ದು ಅತ್ಯಲ್ಪ. ಆದುದರಿಂದಲೇ ಅದು ದೊಡ್ಡ ತೋಟೆಗಳಿಗಿಂತ ಅಗ್ಗ. ಪಿಸ್ತೂಲಿನ ಬೆಲೆಯನ್ನಷ್ಟೇ ನೋಡಿ ತೋಟೆಯ ಬೆಲೆಯನ್ನು ಮರೆತವನು ಕೊಂಡ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಬೇಕಾಗುತ್ತದೆ.

ಮೂರನೆಯದು ಕೈಯ ಹಿಡಿ. ಬಹುಪಾಲು ಪಿಸ್ತೂಲುಗಳು ಬಲಗೈಯವರಿಗಾಗಿ ಮಾಡಿದವು. ಖಾಲಿ ತೋಟೆ ಬಲಕ್ಕೆ ಸಿಡಿಯುತ್ತದೆ. ಎಡಗೈಯವನು ತನ್ನ ಕೈಗೊಪ್ಪುವ ಹಿಡಿಯನ್ನು ಕೇಳಿ ಪಡೆಯಬೇಕು. ಬಲಗೈಯವನಿಗೂ ನಿಯಮ ಅದೇ: ಹೆಸರನ್ನು ನೋಡಿ ಕೊಳ್ಳಬಾರದು, ಹಿಡಿದು ನೋಡಿ ಕೊಳ್ಳಬೇಕು. ಸ್ಪರ್ಧೆಯ ಆಸೆಯಿದ್ದರೆ ಅಂತರರಾಷ್ಟ್ರೀಯ ನಿಯಮದ ಅಳತೆಯನ್ನೂ ನೋಡಬೇಕು: ತೂಕ 1400 ಗ್ರಾಮನ್ನು ಮೀರಬಾರದು; ಟ್ರಿಗರಿನ ಬಿಗಿ 1000 ಗ್ರಾಮಿಗೆ ಕಡಿಮೆಯಿರಬಾರದು.

ಈಗ ಟಕಾಚನ ಬಳಿಗೆ ಹಿಂದಿರುಗೋಣ. ಎಡಗೈ ಸಿದ್ಧವಾಯಿತು, ಆದರೆ ಕಾಲ ಕೂಡಿಬರಲಿಲ್ಲ. ಎರಡನೆಯ ಮಹಾಯುದ್ಧದ ದೆಸೆಯಿಂದ 1940ರ ಒಲಿಂಪಿಕ್ಸೂ ನಡೆಯಲಿಲ್ಲ, 1944ರದೂ ನಡೆಯಲಿಲ್ಲ. ಕ್ರೀಡಾಪಟುವಿನ ಉತ್ತಮ ವರ್ಷಗಳೆಲ್ಲ ಯುದ್ಧದ ಹೊಗೆಯಲ್ಲಿ ಕಳೆದುಹೋದುವು. 1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ಕೂಡಿದಾಗ ಅವನಿಗೆ ಮೂವತ್ತೆಂಟು ವಯಸ್ಸು. ಗುರಿಯ ಸ್ಪರ್ಧೆಗಳು ನಡೆದುದು ಬಿಸ್ಲಿ ಎಂಬಲ್ಲಿ. ಆಗಿನ ವಿಶ್ವವಿಜೇತ ಅರ್ಜೆಂಟೀನಾದ ಕಾರ್ಲೋಸ್ ಸಾಯೆನ್ಸ್ ವಾಲಿಯೆಂತೆ ಅವನನ್ನು ಕಂಡು ಬಂದ ಉದ್ದೇಶವೇನೆಂದು ಕೇಳಿದನಂತೆ. ತಾನು ಕಲಿಯಲು ಬಂದಿರುವುದಾಗಿ ಟಕಾಚ್ ನಮ್ರನಾಗಿ ಹೇಳಿದನಂತೆ. ಸ್ಪರ್ಧೆ ಮುಗಿದಾಗ ಟಕಾಚನಿಗೆ 580 ಅಂಕ, ಅದು ವಿಶ್ವದಾಖಲೆ. ಅರ್ಜೆಂಟೀನಾದವನಿಗೆ 571, ಎರಡನೆಯ ಸ್ಥಾನ. ಕಲಿಯಬೇಕಾದುದನ್ನು ಕಲಿತಾಯಿತೆಂದು ಸೋತವನೇ ಗೆದ್ದವನನ್ನು ಅಭಿನಂದಿಸಿದನೆಂದು ಹೇಳುವರು.

1952ರಲ್ಲಿ ಹೆಲ್ಸಿಂಕಿಯಲ್ಲಿ ಟಕಾಚ್ 579 ಅಂಕಗಳಿಂದ ಮತ್ತೆ ಚಿನ್ನ ಗೆದ್ದು, ಆ ಸ್ಪರ್ಧೆಯಲ್ಲಿ ಎರಡು ಸಲ ಚಿನ್ನ ಪಡೆದ ಮೊದಲಿಗನಾದನು. ಕೇವಲ ಒಂದು ಅಂಕದ ಅಂತರದಲ್ಲಿ ಬೆಳ್ಳಿ ಗೆದ್ದವನು ಅವನ ದೇಶದವನೇ ಆದ ಸಿಲಾರ್ಡ್ ಕುನ್. ಅವನಿಗೆ ಗುರಿ ಕಲಿಸಿದವನೂ ಟಕಾಚನೇ. ತನ್ನನ್ನು ಸೋಲಿಸಬಲ್ಲವನಿಗೆ ತಾನೇ ವಿದ್ಯೆ ಕಲಿಸುವುದು ದೊಡ್ಡ ಮನಸ್ಸಿನವರಿಗೆ ಮಾತ್ರ ಸಾಧ್ಯ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವನು ಎಂಟನೆಯವನಾದನು. ಸಾರ್ಜೆಂಟನೆಂದು ಒಮ್ಮೆ ತಡೆಯಲ್ಪಟ್ಟವನು ಲೆಫ್ಟಿನೆಂಟ್ ಕರ್ನಲ್ ಪದವಿಯವರೆಗೆ ಏರಿ, 1976ರ ಜನವರಿ 5ರಂದು ಬುಡಾಪೆಸ್ಟಿನಲ್ಲಿ ತೀರಿಕೊಂಡನು.

ಇದೇ ಶೀಘ್ರಗುರಿಯ ಸ್ಪರ್ಧೆಯಲ್ಲಿ, ಅದೇ ಲಂಡನ್ ನಗರದ ಒಲಿಂಪಿಕ್ಸಿನಲ್ಲಿ, 2012ರಲ್ಲಿ ಬೆಳ್ಳಿ ಗೆದ್ದವನು ನಮ್ಮ ಭಾರತದ ವಿಜಯ್ ಕುಮಾರ್. ಆಗ ಅವನು ನಮ್ಮ ಸೈನ್ಯದಲ್ಲಿ ಸುಬೇದಾರ. ಸುಬೇದಾರನೆಂದು ಅವನನ್ನು ಯಾರೂ ಹೊರಗಿಡಲಿಲ್ಲ. ಟಕಾಚನಿಗೆ ಒಮ್ಮೆ ಅಡ್ಡ ಬಂದ ಬಾಗಿಲು ಇವನಿಗೆ ತೆರೆದೇ ಇತ್ತು.

ಆದುದರಿಂದ ಆ ಇಬ್ಬರು ತರುಣರಿಗೆ ನಮ್ಮ ಸಲಹೆ ಇಷ್ಟೇ. ಮೊದಲು ಕೊಳ್ಳುವ ಆತುರ ಬೇಡ. ಅನುಮತಿಯಿರುವ ಯಾವುದಾದರೂ ಗುರಿ ಸಂಘವನ್ನು ಸೇರಿ, ಹತ್ತು ಮೀಟರಿನ ಗಾಳಿ ಪಿಸ್ತೂಲಿನಿಂದ ಆರಂಭಿಸಿರಿ. ಅದರ ಗುಂಡಿಗೆ ಖರ್ಚು ತೀರ ಅಲ್ಪ. ಬಳಿಕ ಸಂಘದ ಟ್ವೆಂಟಿ-ಟೂ ಪಿಸ್ತೂಲಿನಲ್ಲಿ ಕೈ ಪಳಗಿಸಿರಿ. ಸ್ವಂತ ಪಿಸ್ತೂಲಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಿಗೆ ಬೇಕು. ಅದಿಲ್ಲದೆ ಅಗ್ಗಕ್ಕೆ ಸಿಕ್ಕಿದುದನ್ನು ಮುಟ್ಟಿದರೆ ಸೆರೆಮನೆಯ ದಾರಿ ಹಿಡಿದಂತೆ. ಗುಂಡಿಲ್ಲದ ಪಿಸ್ತೂಲಿನಲ್ಲಿ ಹಿಡಿಯುವುದನ್ನೂ ಒತ್ತುವುದನ್ನೂ ಅಭ್ಯಾಸ ಮಾಡುವುದಕ್ಕೆ ಒಂದು ಕಾಸೂ ಬೇಡ. ಆದರೆ ಟ್ವೆಂಟಿ-ಟೂ ಪಿಸ್ತೂಲುಗಳಲ್ಲಿ ಹಲವು ಬರಿದಾದ ನಳಿಗೆಯ ಮೇಲೆ ಒತ್ತಿದರೆ ಕೆಡುತ್ತವೆ, ಹುಸಿ ತೋಟೆ ತುಂಬಿ ಒತ್ತಬೇಕು. ಖಾಲಿಯೆಂದು ನಂಬಿ ಯಾರ ಕಡೆಗೂ ತಿರುಗಿಸಬಾರದು. ಒಂದು ಕ್ಷಣದಲ್ಲಿ ಸಿಡಿದ ಬಾಂಬು ಟಕಾಚನ ಕೈಯನ್ನು ಕೊಂಡೊಯ್ದುದನ್ನು ಮರೆಯಬಾರದು.

ಕೊನೆಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ದೋಸೆ ಹುಯ್ಯುವ ಹುಡುಗನೊಬ್ಬನ ಬಲಗೈ ಬೆರಳುಗಳು ರುಬ್ಬುವ ಯಂತ್ರಕ್ಕೆ ಸಿಕ್ಕಿ ಹೋದುವು. ಔಷಧದ ವೆಚ್ಚ ಕೊಟ್ಟು, ಕೈಯಲ್ಲಿ ಒಂದಿಷ್ಟು ಹಣವನ್ನಿಟ್ಟು, ಅವನನ್ನು ಊರಿಗೆ ಕಳುಹಿಸಿದೆವು. ಅದನ್ನು ಧರ್ಮವೆಂದೇ ತಿಳಿದಿದ್ದೆವು. ಎಡಗೈಯಿಂದ ಕೆಲಸ ಮಾಡಬಲ್ಲೆಯಾ ಎಂದು ಅವನನ್ನು ನಾವು ಕೇಳಲೇ ಇಲ್ಲ. ಟಕಾಚನ ಚರಿತ್ರೆಯನ್ನು ಓದಿದಾಗಲೆಲ್ಲ ಆ ಹುಡುಗನ ಮುಖ ನಮ್ಮ ಕಣ್ಣೆದುರು ನಿಲ್ಲುತ್ತದೆ. ಇಂದು ಗಲ್ಲಾದ ಹಿಂದೆ ಕುಳಿತಿರುವ ಮಾಲೀಕ ಬಂಧುಗಳು, ಅಂಥ ಪ್ರಸಂಗ ಬಂದರೆ, ಬಸ್ಸಿನ ಟಿಕೆಟು ತೆಗೆಸುವ ಮೊದಲು ಆ ಒಂದು ಮಾತನ್ನು ಕೇಳಲಿ ಎಂಬುದೇ ನಮ್ಮ ಬಿನ್ನಹ.