ತಂತಿಯೊಳಗಿನ ನೂಕುನುಗ್ಗಲು ಬಿಡಿಸಿದ ನೈಕ್ವಿಸ್ಟ್

ಹ್ಯಾರಿ ನೈಕ್ವಿಸ್ಟ್ ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಬಂದಿದ್ದು 1907ರಲ್ಲಿ, 18ನೇ ವಯಸ್ಸಿನಲ್ಲಿ. ಹುಟ್ಟೂರು ನಿಲ್ಸ್‌ಬಿ ಎಂಬ ಹಳ್ಳಿ. ಬಡ ಮನೆ, ಎಂಟು ಮಕ್ಕಳು. ಹಡಗಿನ ಖರ್ಚನ್ನು ದುಡಿದೇ ಕೂಡಿಸಿದ್ದರು. ನಾರ್ತ್ ಡಕೋಟಾ ವಿಶ್ವವಿದ್ಯಾಲಯಕ್ಕೆ ಸೇರುವಾಗ ಅವರಿಗೆ 23. ನಮ್ಮಲ್ಲಾದರೆ ಆ ವಯಸ್ಸಿಗೆ ನೆಂಟರೆಲ್ಲ ‘ಕೆಲಸ ಸಿಕ್ಕಿತಾ?’ ಎಂದು ಕೇಳತೊಡಗಿರುತ್ತಾರೆ! ಐದೇ ವರ್ಷಗಳಲ್ಲಿ ಎರಡು ಪದವಿ ಮುಗಿಸಿ, 1917ರಲ್ಲಿ ಯೇಲ್‌ನಿಂದ ಭೌತಶಾಸ್ತ್ರದ ಪಿಎಚ್‌.ಡಿ.ಯನ್ನೂ ಪಡೆದು ಎಟಿ ಅಂಡ್ ಟಿ ಕಂಪನಿ ಸೇರಿದರು.

ಅಲ್ಲಿ ಅವರಿಗೆ ಎದುರಾಗಿದ್ದು ಟೆಲಿಗ್ರಾಫ್ ವೇಗದ ಸಮಸ್ಯೆ. ತಂತಿಯ ಈ ತುದಿಯಲ್ಲಿ ಕೊಟ್ಟ ಚೊಕ್ಕ ಚೌಕದ ಪಲ್ಸ್ ಆ ತುದಿಗೆ ಹಾಗೇ ತಲುಪುವುದಿಲ್ಲ. ಒರಟು ಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿಕೊಳ್ಳುತ್ತದೆ. ಒಂದರ ಬಾಲ ಮುಂದಿನದರ ಮೇಲೆ ಬೀಳುತ್ತದೆ. ವೇಗ ಹೆಚ್ಚಿಸಿದಷ್ಟೂ ಎಲ್ಲವೂ ಕಲಸುಮೇಲೋಗರ. ಇಂಟರ್‌ಸಿಂಬಲ್ ಇಂಟರ್‌ಫಿಯರೆನ್ಸ್ ಎಂದು ಇ.ಸಿ. ವಿದ್ಯಾರ್ಥಿಗಳು ಓದುವುದು ಇದನ್ನೇ.

1924 ಮತ್ತು 1928ರ ಪ್ರಬಂಧಗಳಲ್ಲಿ ನೈಕ್ವಿಸ್ಟ್ ಈ ಗಂಟು ಬಿಡಿಸಿದರು. ಪಲ್ಸ್‌ಗಳು ಒಂದರ ಮೇಲೊಂದು ಬೀಳಲಿ, ತೊಂದರೆಯಿಲ್ಲ. ನಾವು ಅಳೆಯುವುದು ಕೆಲವು ನಿಗದಿತ ಕ್ಷಣಗಳಲ್ಲಿ ಮಾತ್ರ. ತನ್ನ ಕ್ಷಣದಲ್ಲಿ ಪೂರ್ತಿ ಎತ್ತರದಲ್ಲಿದ್ದು, ಉಳಿದ ಪಲ್ಸ್‌ಗಳ ಕ್ಷಣಗಳಲ್ಲಿ ಸರಿಯಾಗಿ ಸೊನ್ನೆಗೆ ಬರುವಂಥ ಅಲೆಯನ್ನು ರೂಪಿಸಿದರೆ ಸಾಕು! ಹೀಗೆ ಮಾಡಿದರೆ 3000 ಹರ್ಟ್ಸ್ ಬ್ಯಾಂಡ್‌ವಿಡ್ತ್‌ನ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 6000 ಪಲ್ಸ್ ಕಳಿಸಬಹುದು. ಅದಕ್ಕಿಂತ ಒಂದೂ ಹೆಚ್ಚಿಲ್ಲ. ಆ ಗರಿಷ್ಠ ಮಿತಿಯ ಅಲೆಯ ಬಾಲ ಮಾತ್ರ ಬಲು ಉದ್ದ. ಗಡಿಯಾರ ತುಸು ತಪ್ಪಿದರೂ ಕೆಟ್ಟಿತು. ಒಂದಿಷ್ಟು ಹೆಚ್ಚುವರಿ ಬ್ಯಾಂಡ್‌ವಿಡ್ತ್ ಬಿಟ್ಟುಕೊಟ್ಟರೆ ಬಾಲ ಬೇಗ ಅಡಗುತ್ತದೆ. ಲ್ಯಾಬಿನಲ್ಲಿ ‘ರೈಸ್ಡ್ ಕೊಸೈನ್’ ಎಂದು ಬಿಡಿಸುವ ಆಕಾರ ಈ ಜಾತಿಯದೇ.

ವಾಹಕಗಳಲ್ಲಿ ಶಾಖದಿಂದ ಹುಟ್ಟುವ ಗದ್ದಲಕ್ಕೆ ಸೂತ್ರ ಕೊಟ್ಟಿದ್ದೂ 1928ರಲ್ಲೇ. ಕಂಟ್ರೋಲ್ ಸಿಸ್ಟಮ್ಸ್ ಪರೀಕ್ಷೆಯಲ್ಲಿ ಕಾಡುವ ನೈಕ್ವಿಸ್ಟ್ ಪ್ಲಾಟ್ 1932ರದು. ಹೌದು, ಅವರೇ ಇವರು.

1934ರಲ್ಲಿ ಬೆಲ್ ಲ್ಯಾಬ್ಸ್‌ಗೆ ಬಂದ ಅವರು 1954ರಲ್ಲಿ ನಿವೃತ್ತರಾದರು. 1976ರ ಏಪ್ರಿಲ್ 4ರಂದು ಟೆಕ್ಸಾಸ್‌ನಲ್ಲಿ ತೀರಿಕೊಂಡರು. ಬೆಲ್ ಲ್ಯಾಬ್ಸ್ ಬಗ್ಗೆ ಹೇಳುವ ಕಥೆಯೊಂದಿದೆ. ಕೆಲವರಿಗೇ ಏಕೆ ಇಷ್ಟೊಂದು ಪೇಟೆಂಟ್ ಸಿಗುತ್ತವೆ ಎಂದು ಅಲ್ಲಿನ ಪೇಟೆಂಟ್ ವಕೀಲರು ಹುಡುಕಿದರಂತೆ. ಕಂಡ ಸಮಾನ ಅಂಶ ಒಂದೇ: ಅವರೆಲ್ಲ ಆಗಾಗ ನೈಕ್ವಿಸ್ಟ್ ಜತೆ ಊಟ ಮಾಡುತ್ತಿದ್ದರು. ಅವರು ಉತ್ತರ ಹೇಳುತ್ತಿದ್ದುದಕ್ಕಿಂತ ಪ್ರಶ್ನೆ ಕೇಳುತ್ತಿದ್ದುದೇ ಹೆಚ್ಚಂತೆ. ಅವರ ಸ್ವಂತ ಹೆಸರಿನಲ್ಲಿದ್ದ ಅಮೆರಿಕದ ಪೇಟೆಂಟ್‌ಗಳು 138.