ದೀನಬಂಧು ಸಂತ ವಿನ್ಸೆಂಟ್ ದೆ ಪೌಲ್

ಹಸಿದವರಿಗೆ ಅನ್ನವಿಡುವುದು ಪುಣ್ಯಕಾರ್ಯವೆಂಬುದನ್ನು ಅರಿಯದವರಾರು? ಆದರೆ ಅದು ಒಂದು ದಿನದ ಉತ್ಸಾಹದಲ್ಲಿ ಮುಗಿಯದೆ ನಿತ್ಯವ್ರತವಾಗಬೇಕೆಂದು ತೋರಿಸಿಕೊಟ್ಟ ಮಹಾತ್ಮರು ಸಂತ ವಿನ್ಸೆಂಟ್ ದೆ ಪೌಲ್.

ಫ್ರಾನ್ಸ್ ದೇಶದ ಪೂಯಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1581ರ ಸುಮಾರಿಗೆ ಜನಿಸಿದ ಅವರು 1600ರಲ್ಲಿ ಗುರುದೀಕ್ಷೆ ಪಡೆದರು. ಮೊದಮೊದಲು ಉತ್ತಮ ಆದಾಯದ ಸ್ಥಾನವನ್ನೇ ಅರಸುತ್ತಿದ್ದ ಈ ತರುಣ ಗುರುವನ್ನು ಬಡವರ ಒಡನಾಟವು ಬೇರೊಬ್ಬ ಮನುಷ್ಯನನ್ನಾಗಿ ಮಾಡಿತು.

1617ರಲ್ಲಿ ಅವರು ಶಾತಿಯೋನ್ ಎಂಬ ಊರಿನ ವಿಚಾರಣಾ ಗುರುಗಳಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ದಿವ್ಯಬಲಿಪೂಜೆಗೆ ಅಣಿಯಾಗುತ್ತಿದ್ದಾಗ, ಊರಾಚೆಯ ಒಂಟಿಮನೆಯಲ್ಲಿ ಕುಟುಂಬವೊಂದರ ಸರ್ವರೂ ಕಾಯಿಲೆ ಬಿದ್ದು ನಿರ್ಗತಿಕರಾಗಿರುವ ಸುದ್ದಿ ಬಂದಿತು. ಪ್ರಬೋಧನೆಯಲ್ಲಿ ಆ ಸಂಕಟವನ್ನು ಜನರ ಮುಂದಿಟ್ಟರು. ಬಳಿಕ ತಾವೇ ಅಲ್ಲಿಗೆ ಹೊರಟಾಗ, ಆಹಾರ ಹೊತ್ತು ಹೋಗಿಬರುತ್ತಿದ್ದ ಸ್ತ್ರೀಯರ ಸಾಲನ್ನೇ ದಾರಿಯಲ್ಲಿ ಕಂಡರು. ಗುರುಗಳಿಗೆ ಸಂತೋಷವಾಯಿತು, ಜೊತೆಗೇ ಚಿಂತೆಯೂ ಹತ್ತಿತು. ಇಂದು ಮಿಕ್ಕದ್ದು ಕೆಟ್ಟುಹೋಗುವುದು, ನಾಳೆ ಮತ್ತೆ ಉಪವಾಸ. ಜನರಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ಕ್ರಮಕ್ಕೆ ಕೊರತೆಯಿತ್ತು.

ಕೆಲವೇ ದಿನಗಳಲ್ಲಿ ಅವರು ಆ ಸ್ತ್ರೀಯರನ್ನು ಒಂದು ಸಂಘವಾಗಿ ಕೂಡಿಸಿ ನಿಯಮಗಳನ್ನು ಬರೆದುಕೊಟ್ಟರು. ಸರದಿಯಂತೆ ದಿನಕ್ಕೊಬ್ಬರು ಅಡುಗೆ ಮಾಡಿ ಒಯ್ಯಬೇಕು; ನಗುಮುಖದಿಂದ ಮಾತನಾಡಿಸಿ ಬಡಿಸಬೇಕು. ಬಂಧುಗಳಿರುವ ರೋಗಿಗಳ ಬಳಿಗೆ ಮೊದಲು ಹೋಗಿ, ಒಂಟಿಯಾಗಿರುವವರ ಬಳಿಗೆ ಕೊನೆಯಲ್ಲಿ ಹೋಗಬೇಕು. ಏಕೆಂದರೆ ಅಲ್ಲಿ ಹೆಚ್ಚು ಹೊತ್ತು ಕುಳಿತಿರಲು ಆಗುತ್ತದೆ. ಅನ್ನದ ಹಸಿವಿನೊಡನೆ ಆದರದ ಹಸಿವನ್ನೂ ಆ ಸಂತರು ಬಲ್ಲವರಾಗಿದ್ದರು.

ಪ್ಯಾರಿಸ್ ನಗರದಲ್ಲಿ ಈ ಕಾರ್ಯ ಬೆಳೆಯಿತು. 1633ರಲ್ಲಿ ಸಂತ ಲೂಯಿಸ್ ದೆ ಮರಿಯಾಕ್ ಅವರೊಡನೆ ಪರಪ್ರೀತಿಯ ಪುತ್ರಿಯರ ಸಭೆಯನ್ನು ಸ್ಥಾಪಿಸಿದರು. ಹಳ್ಳಿಯ ಸಾಮಾನ್ಯ ಹೆಣ್ಣುಮಕ್ಕಳು ಗಂಜಿಯ ಪಾತ್ರೆ ಹೊತ್ತು ಬಡವರ ಮನೆಗಳ ಮೆಟ್ಟಿಲು ಹತ್ತಿದರು. 1652ರಲ್ಲಿ ಅಂತರ್ಯುದ್ಧದಿಂದ ಮನೆಮಠ ಕಳೆದುಕೊಂಡವರು ರಾಜಧಾನಿಗೆ ನುಗ್ಗಿದಾಗ, ದಿನಂಪ್ರತಿ ಸುಮಾರು 15,000 ಜನರಿಗೆ ಗಂಜಿ ಹಂಚುವ ಏರ್ಪಾಡಾಯಿತು. ದಿಕ್ಕಿಲ್ಲದ ಯುವತಿಯರಿಗೆ ಸುರಕ್ಷಿತ ಆಶ್ರಯವೂ ದೊರೆಯಿತು. ಮರುವರ್ಷ 40 ಮಂದಿ ವೃದ್ಧರಿಗಾಗಿ ಯೇಸುನಾಮದ ಆಶ್ರಮ ತೆರೆದರು. ಅಲ್ಲಿ ಅವರ ಶಕ್ತಿಗೆ ತಕ್ಕ ಕೈಕೆಲಸವೂ ಇತ್ತು.

ಈ ಯಶಸ್ಸನ್ನು ಕಂಡು, ನಗರದ ಭಿಕ್ಷುಕರೆಲ್ಲರನ್ನೂ ಒಂದೆಡೆ ಸೇರಿಸುವ ಯೋಜನೆ ಹುಟ್ಟಿತು. ಬಲಾತ್ಕಾರ ಬೇಡ, ಇಷ್ಟಪಟ್ಟು ಬಂದವರಿಂದ ಸಣ್ಣದಾಗಿ ಆರಂಭಿಸೋಣವೆಂಬುದು ವಿನ್ಸೆಂಟರ ಅಭಿಮತ. ಆದರೆ 1656ರ ರಾಜಾಜ್ಞೆಯು ಭಿಕ್ಷೆಯನ್ನು ನಿಷೇಧಿಸಿ ಬಡವರನ್ನು ಕೂಡಿಹಾಕಲು ಅಪ್ಪಣೆ ಮಾಡಿತು. ಆ ಸಂಸ್ಥೆಯ ಆಧ್ಯಾತ್ಮಿಕ ಹೊಣೆಯು ತಮ್ಮ ಸಭೆಯ ಗುರುಗಳಿಗೆ ಬಂದಾಗ ಅವರು ಅದನ್ನು ಒಪ್ಪಿಕೊಳ್ಳಲಿಲ್ಲ. ಬಡವನು ನಮ್ಮ ಅತಿಥಿಯೋ, ಕೈದಿಯೋ ಎಂಬ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

1660ರ ಸೆಪ್ಟೆಂಬರ್ 27ರಂದು ಅವರು ದೈವಾಧೀನರಾದರು. 1737ರಲ್ಲಿ ಸಂತ ಪದವಿ ಪಡೆದರು. 1833ರಲ್ಲಿ ಫ್ರೆಡರಿಕ್ ಓಜನಾಂ ಹಾಗೂ ಸಂಗಡಿಗರು ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಂಘವು ಇದೇ ಸಂತರ ಹೆಸರನ್ನು ಧರಿಸಿ ನಮ್ಮ ನಾಡಿನ ವಿಚಾರಣೆಗಳಿಗೂ ಬಂದಿದೆ. ನೂರು ವರ್ಷಗಳ ಹಬ್ಬವನ್ನಾಚರಿಸುವ ನಾವು ಹಬ್ಬದ ದಿನ ಬಡಿಸಿದ ಅನ್ನದಿಂದಷ್ಟೇ ತೃಪ್ತರಾಗದಿರೋಣ. ಮಾರನೆಯ ದಿನದ ಸರದಿ ಯಾರದೆಂಬುದನ್ನು ಇಂದೇ ಗೊತ್ತುಮಾಡಿಕೊಳ್ಳೋಣ.